ಮುಂಭಾರ

ಆಕಾಶಯಾನದಲ್ಲಿ ಭಯಕ್ಕೆ ಆಸ್ಪದವಿರುವುದು ಮೇಲೆ ಮೇಘಮಂಡಲದಲ್ಲೆಂದು ಸಾಮಾನ್ಯರು ಭಾವಿಸುವರು. ವಿಮಾನವಿದ್ಯೆಯನ್ನು ಬಲ್ಲವರಾದರೋ ನೆಲವನ್ನು ಬಿಟ್ಟೇಳುವ ಮೊದಲ ಕೆಲವು ಕ್ಷಣಗಳಿಗೂ ಅಷ್ಟೇ ಅಂಜುವರು. ಆಗ ವೇಗವೂ ಸಾಲದು, ಎತ್ತರವೂ ಸಾಲದು. ತೊಡಕೊದಗಿದರೆ ಸರಿಪಡಿಸಿಕೊಳ್ಳಲು ಎಡೆಯಿಲ್ಲ. 1935ನೆಯ ಇಸವಿ ಆಗಸ್ಟ್ 15ರಂದು ಅಲಾಸ್ಕಾದ ಉತ್ತರತೀರದಲ್ಲಿ ಸಂಭವಿಸಿದ ದುರ್ಮರಣಗಳು ಇಂತಹ ಕ್ಷಣದವು.

ವಿಮಾನವನ್ನು ನಡೆಸುತ್ತಿದ್ದ ವೈಲಿ ಪೋಸ್ಟನು ಒಕ್ಕಣ್ಣನು. 1926ರಲ್ಲಿ ಎಣ್ಣೆಬಾವಿಯ ಕೆಲಸದಲ್ಲಿ ಎಡಗಣ್ಣನ್ನು ಕಳೆದುಕೊಂಡು, ಪರಿಹಾರವಾಗಿ ದೊರೆತ ಹಣದಿಂದಲೇ ತನ್ನ ಮೊದಲನೆಯ ವಿಮಾನವನ್ನು ಕೊಂಡನು. ಕಣ್ಣನ್ನಿತ್ತು ರೆಕ್ಕೆಯನ್ನು ಪಡೆದನೆನ್ನಬೇಕು! 1933ರಲ್ಲಿ ಎಂಟು ದಿನಗಳೊಳಗಾಗಿ ಏಕಾಕಿಯಾಗಿ ಭೂಪ್ರದಕ್ಷಿಣೆ ಮಾಡಿ, ಆ ಸಾಹಸದಲ್ಲಿ ಪ್ರಥಮನೆನಿಸಿದನು. ಸಹಯಾತ್ರಿಕನು ವಿಲ್ ರಾಜರ್ಸ್, ಚೆರೋಕಿ ವಂಶದವನು. ರಂಗಭೂಮಿ, ಚಲಚ್ಚಿತ್ರ, ವೃತ್ತಪತ್ರಿಕೆ ಈ ಮೂರರಲ್ಲಿಯೂ ಅಮೆರಿಕದ ಜನರನ್ನು ನಗಿಸುತ್ತಿದ್ದ ವಿನೋದಶೀಲನು.

ವಿಮಾನವು ಒಂದು ಬಗೆಯ ನರಸಿಂಹಾವತಾರ. ಲಾಕ್‌ಹೀಡ್ ಸಂಸ್ಥೆಯ ‘ಒರಾಯನ್’ ಎಂಬುದರ ಒಡಲಿಗೆ ‘ಎಕ್ಸ್‌ಪ್ಲೋರರ್’ ಎಂಬುದರ ರೆಕ್ಕೆಯನ್ನು ಜೋಡಿಸಿದ್ದಿತು. ನೀರಿನ ಮೇಲೆ ಇಳಿಯಲೆಂದು ಚಕ್ರಗಳಿಗೆ ಬದಲಾಗಿ ದೊಡ್ಡ ತೇಲುಗಳನ್ನು ಕಟ್ಟಿದ್ದರು. ಇದರಿಂದ ಭಾರವು ಮೂತಿಯ ಕಡೆಗೆ ವಾಲಿತು. ಗಾಡಿಗೆ ಮುಂಭಾರವಾದರೆ ಗಾಡಿಯವನು ಎತ್ತಿನ ಹೆಗಲಿಗೆ ಮರುಗಿ ಮೂಟೆಗಳನ್ನು ಹಿಂದಕ್ಕೆ ಸರಿಸಿಕೊಳ್ಳುವನು. ವಿಮಾನದಲ್ಲಿ ಆ ಹೊರೆಯನ್ನು ಹೊರುವುದು ಯಂತ್ರದ ಬಲವೊಂದೇ. ತಿರುಗುವ ಪಂಖದ ಗಾಳಿಯು ಬಾಲಕ್ಕೆ ಬಡಿಯುವವರೆಗೂ ಮೂತಿಯನ್ನು ಎತ್ತಿ ಹಿಡಿಯಬಹುದು. ಯಂತ್ರವು ನಿಂತಿತೋ, ಆ ಹಿಡಿತವೂ ಸಡಿಲಿತು. ಈ ದೋಷವು ಪೋಸ್ಟನಿಗೆ ತಿಳಿಯದುದೇನೂ ಅಲ್ಲ. ಭೂಮಂಡಲವನ್ನು ಎರಡು ಬಾರಿ ಸುತ್ತಿದ ಕೈಗೆ ಇದೊಂದು ಅಸಾಧ್ಯವೇ ಎಂದುಕೊಂಡನೋ ಏನೋ. ಕುಶಲರಿಗೇ ಇಂತಹ ಧೈರ್ಯವು ಬರುವುದು.

ಬಾರೋ ಎಂಬ ಊರಿಗೆ ಹೊರಟವರು ಮಂಜಿನಲ್ಲಿ ದಾರಿಗಾಣದೆ, ಊರಿಗೆ ಕೆಲವು ಮೈಲಿ ಈಚೆಗೆ ವಾಲಾಕ್‌ಪಾದ ಹಿನ್ನೀರಿನಲ್ಲಿ ಇಳಿದರು. ಅಲ್ಲಿ ಬೇಟೆಯ ಬಿಡಾರದಲ್ಲಿದ್ದ ಕ್ಲೇರ್ ಓಕ್‌ಪೀಹಾ ಎಂಬ ಎಸ್ಕಿಮೋ ಗೃಹಸ್ಥನನ್ನು ದಾರಿ ಕೇಳಿದರು. ಆತನು ತೋರಿಸಿದನು. ವಿಮಾನವು ನೀರನ್ನು ಬಿಟ್ಟು ಮೇಲೆದ್ದಿತು. ಕೆಲವೇ ಅಡಿ ಏರಿದೊಡನೆ ಯಂತ್ರವು ಸದ್ದಡಗಿತು. ಮೂತಿಯು ಕೆಳಗಾಗಿ, ವಿಮಾನವು ಆಳವಿಲ್ಲದ ಆ ನೀರಿನಲ್ಲಿಯೇ ಬುಡಮೇಲಾಗಿ ಬಿದ್ದಿತು. ಓಕ್‌ಪೀಹಾ ದಡದಿಂದ ಕೂಗಿ ಕರೆದನು. ಉತ್ತರ ಬರಲಿಲ್ಲ.

ಬಳಿಕ ಆತನು ಓಡಿದನು. ಕಾಲೂರಿದರೆ ಕುಸಿಯುವ ಆ ಜೌಗುನೆಲದಲ್ಲಿ ಗಂಟೆಗಟ್ಟಲೆ ಓಡಿ ಬಾರೋವನ್ನು ಸೇರಿದನು. ಸತ್ತವರು ಲೋಕವಿಖ್ಯಾತರೆಂಬುದು ಆತನಿಗೆ ತಿಳಿಯದು, ಹೆಸರುಗಳೂ ತಿಳಿಯವು. ಒಬ್ಬನು ದೊಡ್ಡಾಳು, ಇನ್ನೊಬ್ಬನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನು ಎಂದಷ್ಟೇ ಹೇಳಿದನೆಂದು ವೃತ್ತಾಂತವಿದೆ. ಕೇಳಿದವರಿಗೆ ಅಷ್ಟೇ ಸಾಕಾಯಿತು.