ಸುಧಾರಿಕೆಯ ಪಾಠ

ಪೊಳಲಿ ರಾಜರಾಜೇಶ್ವರಿಯ ತಿಂಗಳ ಜಾತ್ರೆ, ಐದು ದಿನಗಳ ಚೆಂಡು ಎಲ್ಲ ಮುಗಿದು, ಅವರ ಅಕ್ಕನ ಮನೆಯಂಗಳದಲ್ಲಿ ಮದುವೆಯ ಚಪ್ಪರ ಎದ್ದಿತ್ತು. ಇಂಥಲ್ಲಿ ಊಟದ ಉಸ್ತುವಾರಿಗೆ ಈ ಕಡೆಯವರು 'ಸುಧಾರಿಕೆ' ಎನ್ನುತ್ತಾರೆ. ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ. ಮುಂಬಯಿಯಲ್ಲಿ ಮೂವತ್ತು ವರ್ಷ ಕಟ್ಟಡ ಕಟ್ಟಿಸಿ ನಿವೃತ್ತರಾಗಿ ಬಂದ ತಮ್ಮನಿಗಲ್ಲದೆ ಅದನ್ನು ಇನ್ನಾರಿಗೆ ಕೊಡುವುದು?

ಅವರು ಪಟ್ಟಿ ಹಿಡಿದು ನಿಂತರು. ಬಡಿಸುವ ಕಾಲೇಜು ಹುಡುಗರಿಗೆ, "ನೀವೇ ನೋಡಿಕೊಳ್ಳಿ" ಎಂದರು. ಅಡಿಗೆ ಭಟ್ಟರ ಬಳಿ ಮಾತ್ರ ಐದು ನಿಮಿಷಕ್ಕೊಮ್ಮೆ ಹೋಗಿ, "ಉಪ್ಪು ನೋಡಿದಿರಾ? ಬೆಂಕಿ ಸಣ್ಣ ಮಾಡಿ" ಎಂದರು.

ಮೊದಲ ಪಂಕ್ತಿಯಲ್ಲೇ ಸಾರಿಗಿಂತ ಮೊದಲು ಪಾಯಸ ಬಂತು. ಕೊನೆಯ ಎಲೆಗಳಿಗೆ ಪಲ್ಯವೇ ಇಲ್ಲ. ಗಂಡಿನ ಕಡೆಯವರ ಮುಖ ಗಂಟಾಯಿತು. ಅತ್ತ ಭಟ್ಟರು ಸೌಟು ಕೆಳಗಿಟ್ಟು, "ಇನ್ನು ನೀವೇ ಮಾಡಿ ಮಾರಾಯ್ರೆ" ಎಂದು ತೆಂಗಿನಕಟ್ಟೆಯಲ್ಲಿ ಕುಳಿತು ವೀಳ್ಯ ಬಾಯಿಗಿಟ್ಟರು. ಇನ್ನೂ ಮೂರು ಪಂಕ್ತಿ ಬಾಕಿ!

ಅಕ್ಕ ಓಡಿಬಂದಳು. "ಭಟ್ರಿಗೆ ಹೇಳಬೇಡ, ಕೇಳು. ಹುಡುಗರಿಗೆ ಕೇಳಬೇಡ, ಹೇಳು."

1969ರಲ್ಲಿ ಅಮೆರಿಕದ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ ಪುಸ್ತಕದಲ್ಲಿ ಬರೆದದ್ದೂ ಹೆಚ್ಚುಕಡಿಮೆ ಇದನ್ನೇ. ಕೆಲಸ ಬಾರದವನಿಗೆ ಹೇಳಿ ಮಾಡಿಸಬೇಕು. ಕಲಿಯುತ್ತಿರುವವನಿಗೆ ಕಾರಣ ತಿಳಿಸಿ ಒಪ್ಪಿಸಬೇಕು. ಬಲ್ಲವನು ಹಿಂಜರಿದರೆ ಜೊತೆಗೆ ಕುಳಿತು ಆಲೋಚಿಸಬೇಕು. ಬಲ್ಲವನೂ ಮನಸ್ಸುಳ್ಳವನೂ ಆದರೆ ಕೆಲಸ ಅವನಿಗೆ ಬಿಟ್ಟು ಸರಿಯಬೇಕು. ಆ ಪುಸ್ತಕ ಅವರು ಮುಂಬಯಿಯಲ್ಲಿ ಓದಿದ್ದರು. ಅಕ್ಕ ಓದಿರಲಿಲ್ಲ.

ಅವರು ಕಟ್ಟೆಯ ಬಳಿ ಹೋಗಿ, "ಭಟ್ರೇ, ಅನ್ನ ಇನ್ನೆಷ್ಟು ಎಲೆಗೆ ಸಾಕು?" ಎಂದು ಕೇಳಿದರು. "ಇನ್ನೂರಕ್ಕೆ ಸಾಕು. ಹೆಚ್ಚು ಬರುವುದಾದರೆ ಅರ್ಧ ಗಂಟೆ ಮೊದಲೇ ಹೇಳಿ" ಎಂದು ಭಟ್ಟರು ಎದ್ದರು. ಹುಡುಗರನ್ನು ಸಾಲಾಗಿ ನಿಲ್ಲಿಸಿ, ಯಾವುದರ ಹಿಂದೆ ಯಾವುದು, ಯಾರ ಕೈಯಲ್ಲಿ ಯಾವ ಪಾತ್ರೆ ಎಂದು ತೋರಿಸಿಕೊಟ್ಟರು. ಎರಡನೆಯ ಪಂಕ್ತಿ ಸುಸೂತ್ರ.

ಮೂರನೆಯದರ ನಡುವೆ ಬೇಸಗೆ ಮಳೆ ಸುರಿಯಿತು. ಆಗ ಕೇಳುವುದೂ ಇಲ್ಲ, ಆಲೋಚಿಸುವುದೂ ಇಲ್ಲ. "ಹಂಡೆ ಒಳಗೆ! ಟರ್ಪಾಲು ಎಳೆಯಿರಿ!" ಒಂದೇ ಕೂಗಿಗೆ ಭಟ್ಟರೂ ಹಂಡೆಗೆ ಕೈಕೊಟ್ಟರು. ಯಾರಿಗೂ ಅವಮಾನವೆನಿಸಲಿಲ್ಲ.

ಕೊನೆಯ ಪಂಕ್ತಿ ಸುಧಾರಿಕೆಯವರದ್ದು. ಹುಡುಗನೊಬ್ಬ ಸಾರಿನ ಪಾತ್ರೆ ಹಿಡಿದು ಬಂದ. ಏನೋ ಹೇಳಲು ಬಾಯ್ತೆರೆದ ಅವರು ಅವನ ಕೈ ನೋಡಿದರು. ಸೌಟು ಹದವಾಗಿ ಬಾಗಿತ್ತು. ಬಾಯಿ ಮುಚ್ಚಿ, ಎಲೆಯ ಮೇಲಿನ ಅನ್ನದಲ್ಲಿ ಗುಳಿ ಮಾಡಿದರು.