ಹಿಂದಿನ ಸೀಟು ಖಾಲಿ ಇತ್ತು

(1/5)
ಫೋಟೋದಲ್ಲಿ ಬೊಚ್ಚುಬಾಯಿ ಬಿಟ್ಕೊಂಡು ನಗ್ತಿರೋನು ನನ್ನ ಅಕ್ಕನ ಮಗ. ಐದು ತಿಂಗಳು. ಹೋದ ವಾರ ಸ್ಟೋರಿ ನೋಡಿ "ಕಾರಲ್ಲಿ ಪಾಪುಗೆ ಕ್ಯಾಮೆರಾನಾ? ಸೂಪರ್ ಮಗಾ!" ಅಂತ ತುಂಬಾ ಜನ ಮೆಸೇಜ್ ಮಾಡಿದ್ರಿ. ಆ ಸ್ಟೋರಿ ಹಾಕಿದ್ದು ಹೊರಡೋ ಮುಂಚೆ. ಆಮೇಲೆ ಏನಾಯ್ತು ಅನ್ನೋದನ್ನ ಹಾಕಿರಲಿಲ್ಲ. ಹಾಕೋಕೆ ಮುಖ ಇರಲಿಲ್ಲ. ಇವತ್ತು ಬರೀತಿದೀನಿ.

ಪಾಪುಗೆ ಕಿವಿ ಚುಚ್ಚಿಸೋ ಶಾಸ್ತ್ರ, ಹಾಸನದಲ್ಲಿ ಅಜ್ಜಿ ಮನೇಲಿ. ನಮ್ಮಲ್ಲಿ ಸೋದರಮಾವನ ತೊಡೆ ಮೇಲೆ ಕೂರಿಸಿಯೇ ಚುಚ್ಚಬೇಕು. ಹಾಗಾಗಿ ಅವತ್ತಿನ ವಿಐಪಿ ನಾನೇ. ಭಾವನಿಗೆ ರಜೆ ಸಿಗದೆ ಮಾರನೇ ದಿನ ಬಸ್ಸಲ್ಲಿ ಬರೋರಿದ್ರು. ಬೆಂಗಳೂರಿಂದ ಕಾರು ಓಡಿಸೋದು ನಾನು. ಲೈಸೆನ್ಸ್ ಸಿಕ್ಕಿ ಒಂದೂವರೆ ವರ್ಷ. ಧೈರ್ಯ ಮಾತ್ರ ಹದಿನೈದು ವರ್ಷದ್ದು.

(2/5)
ಅಷ್ಟು ಚಿಕ್ಕ ಮಗೂನ ಹಿಂದಿನ ಸೀಟಲ್ಲಿ, ಚೈಲ್ಡ್ ಸೀಟಲ್ಲಿ, ಮುಖ ಕಾರಿನ ಹಿಂಬದಿಗೆ ಇರೋ ಹಾಗೆ ಕೂರಿಸಬೇಕು. ಮುಂದಿನಿಂದ ಡಿಕ್ಕಿಯಾದ್ರೆ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಒಟ್ಟಿಗೆ ಆ ಸೀಟೇ ಹಿಡ್ಕೊಳ್ಳುತ್ತೆ. ಈ ಥರದ ಸೀಟನ್ನ ಏರ್‌ಬ್ಯಾಗ್ ಇರೋ ಮುಂದಿನ ಸೀಟಲ್ಲಿ ಇಡಲೇಬಾರದು. ಏರ್‌ಬ್ಯಾಗ್ ಬಿಚ್ಚಿಕೊಂಡ್ರೆ ಅದೇ ಮಗೂಗೆ ಹೊಡೆಯುತ್ತೆ.

ಒಂದೇ ಕಷ್ಟ. ಕನ್ನಡಿಯಲ್ಲಿ ಚೈಲ್ಡ್ ಸೀಟಿನ ಬೆನ್ನು ಕಾಣುತ್ತೆ, ಪಾಪು ಮುಖ ಕಾಣಲ್ಲ. ಅದಕ್ಕೇ ಅಕ್ಕ ಯಾವಾಗಲೂ ಪಕ್ಕದಲ್ಲೇ, ಹಿಂದೆ ಕೂರೋಳು. ಹಿಂದಿನ ರಾತ್ರಿ ಪಾಪು ಅವಳನ್ನ ಮಲಗೋಕೇ ಬಿಟ್ಟಿರಲಿಲ್ಲ. "ನೀನು ಮುಂದೆ ಬಾ ಅಕ್ಕ, ಕಾಲು ಚಾಚ್ಕೊಂಡು ಆರಾಮಾಗಿ ನಿದ್ದೆ ಮಾಡು. ಪಾಪೂನ ನಾನು ನೋಡ್ಕೋತೀನಿ" ಅಂದೆ. ತೊಟ್ಟಿಲ ಹತ್ರ ಇಟ್ಟಿದ್ದ ಮಾನಿಟರ್ ಕ್ಯಾಮೆರಾ ತಂದು, ಹಿಂದಿನ ಸೀಟಿನ ಹೆಡ್‌ರೆಸ್ಟಿಗೆ ಅಕ್ಕನ ಹೇರ್‌ಬ್ಯಾಂಡಲ್ಲಿ ಕಟ್ಟಿ, ಮೇಲೆ ಟೇಪ್ ಸುತ್ತಿದೆ. ನನ್ನ ಮೊಬೈಲ್ ಹಾಟ್‌ಸ್ಪಾಟ್ ಆನ್. ಎಸಿ ಗಾಳಿ ಬರೋ ಜಾಗಕ್ಕೆ ಅಕ್ಕನ ಫೋನ್ ಸಿಕ್ಕಿಸಿದೆ. ಅದರಲ್ಲಿ ಪಾಪು ಲೈವ್. ಇಂಜಿನಿಯರಿಂಗ್ ಓದ್ತಿದೀನಲ್ವಾ! ಸ್ಟೋರಿ ಹಾಕಿದೆ, ಹೊರಟ್ವಿ.

(3/5)
ನೆಲಮಂಗಲ ದಾಟೋಷ್ಟರಲ್ಲಿ ಅಕ್ಕ ಗಾಢ ನಿದ್ದೆ. ನಾನು ಮೊದಮೊದಲು ಸಿಗ್ನಲ್ಲಲ್ಲಿ ನಿಂತಾಗ ಮಾತ್ರ ಸ್ಕ್ರೀನ್ ನೋಡ್ತಿದ್ದೆ. ಕುಣಿಗಲ್ ಬರೋ ಹೊತ್ತಿಗೆ ನಿಮಿಷಕ್ಕೊಂದು ಸಲ. ನೋಡದೇ ಇದ್ರೆ ಏನೋ ಕಳ್ಕೊಂಡ ಹಾಗೆ.

ಯಡಿಯೂರು ಆದ್ಮೇಲೆ ನೋಡಿದೆ. ಪಾಪು ತಲೆ ಒಂದು ಕಡೆ ವಾಲಿದೆ. ಬಾಯಿ ಸ್ವಲ್ಪ ತೆರೆದಿದೆ. ಅಲ್ಲಾಡ್ತಿಲ್ಲ. ಎದೆ ಏರಿಳಿತಾ ಇದೆಯಾ ಅಂತ ನೋಡಿದೆ. ಗೊತ್ತಾಗಲಿಲ್ಲ. ಮತ್ತೆ ನೋಡಿದೆ. ಇನ್ನೂ ಸ್ವಲ್ಪ ಹೊತ್ತು ನೋಡಿದೆ.

ತಲೆ ಎತ್ತಿದ್ರೆ ಎದುರಿಗೆ, ಡಿವೈಡರ್ ಸಂದಿಯಿಂದ ಹುಲ್ಲಿನ ಹೊರೆ ಹೇರ್ಕೊಂಡ ಮೊಪೆಡ್ ರಸ್ತೆ ದಾಟ್ತಿದೆ.

ಬ್ರೇಕ್ ಮೇಲೆ ನಿಂತೇ ಬಿಟ್ಟೆ. ಕಾರು ನಿಲ್ತು. ಮೊಪೆಡ್ ತಾತ ನಮ್ಮ ಕಡೆ ತಿರುಗೂ ನೋಡದೆ ದಾಟಿ ಹೋದ್ರು. ಹಿಂದೆ ಬಸ್ಸಿನ ಹಾರ್ನ್. ಹಿಂದಿನ ಸೀಟಿಂದ ಠಪ್ ಅಂತ ಸದ್ದು, ಅದರ ಹಿಂದೇನೇ ಪಾಪು ಅಳು. ಮಗು ಅಳೋದು ಕೇಳಿ ಅಷ್ಟು ಸಮಾಧಾನ ನನಗೆ ಯಾವತ್ತೂ ಆಗಿರಲಿಲ್ಲ.

ಆಮೇಲೆ ಸ್ಕ್ರೀನ್ ನೋಡಿದೆ. ಪಾಪು ಚೀರಾಡ್ತಿದಾನೆ, ಸ್ಕ್ರೀನಲ್ಲಿ ಮಾತ್ರ ಅದೇ ವಾಲಿದ ತಲೆ, ಅದೇ ತೆರೆದ ಬಾಯಿ. ನೆಟ್‌ವರ್ಕ್ ಹೋಗಿ ಚಿತ್ರ ಹ್ಯಾಂಗ್ ಆಗಿತ್ತು. ನಾನು ಉಸಿರು ಹುಡುಕ್ತಿದ್ದದ್ದು ಒಂದು ಫೋಟೋದಲ್ಲಿ.

(4/5)
ಸರ್ವಿಸ್ ರಸ್ತೆಗೆ ಇಳಿಸಿ ಎಳನೀರು ಅಂಗಡಿ ಹತ್ರ ನಿಲ್ಲಿಸಿದೆ. ಕೈ ನಡುಗ್ತಿತ್ತು. ಹಿಂದಿನ ಬಾಗಿಲು ತೆಗೆದ್ರೆ ಕ್ಯಾಮೆರಾ ಪಾಪು ಕಿವಿ ಪಕ್ಕದಲ್ಲೇ ಬಿದ್ದಿದೆ. ಕಿತ್ತು ಹೋದ ಹೇರ್‌ಬ್ಯಾಂಡ್ ಅವನ ಹೊಟ್ಟೆ ಮೇಲೆ.

ಪಿಯುಸಿ ಫಿಸಿಕ್ಸ್ ನೆನಪಿಸ್ಕೊಳ್ಳಿ. ಕಾರು ನಿಂತ್ರೂ ಗಟ್ಟಿಯಾಗಿ ಕಟ್ಟದ ವಸ್ತು ಅದೇ ವೇಗದಲ್ಲಿ ಮುಂದೆ ಹೋಗುತ್ತೆ. ಹೆಡ್‌ರೆಸ್ಟ್‌ನ ಮುಂದೆ ಇರೋದು ಯಾರು? ಪಾಪು. ಇನ್ನೊಂದು ಲೆಕ್ಕ: 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತೆ. ಮೂರು ಸೆಕೆಂಡ್ ಸ್ಕ್ರೀನ್ ನೋಡಿದ್ರೆ 66 ಮೀಟರ್ ಕಣ್ಣು ಮುಚ್ಕೊಂಡು ಓಡಿಸಿದ ಹಾಗೆ. ಎರಡೂ ಲೆಕ್ಕ ಪರೀಕ್ಷೇಲಿ ಬರೆದು ಮಾರ್ಕ್ಸ್ ತಗೊಂಡೋನು ನಾನು.

ಅಕ್ಕ ಬೈತಾಳೆ ಅಂತ ಕಾಯ್ತಿದ್ದೆ. ಪಾಪೂನ ಎದೆಗೆ ಒತ್ಕೊಂಡು ಸುಮ್ಮನೆ ನಿಂತಿದ್ಲು. ಆಮೇಲೆ ಹೇಳಿದ್ಲು: "ನಿನ್ನೊಬ್ಬನ ತಪ್ಪಲ್ಲ ಕಣೋ. ಕ್ಯಾಮೆರಾ ಇದೆಯಲ್ಲ ಅಂತ ನಾನೂ ಅವನ ಪಕ್ಕ ಬಿಟ್ಟು ಬಂದೆ."

ಅದೇ ನೋಡಿ. ಕ್ಯಾಮೆರಾ ಪಾಪೂನ ನಮ್ಮ ಹತ್ರ ತಂದಿರಲಿಲ್ಲ. ಅವನ ಪಕ್ಕದ ಸೀಟು ಖಾಲಿ ಮಾಡಿಸಿತ್ತು.

(5/5)
ಅಲ್ಲಿಂದ ಹಾಸನದವರೆಗೂ ಅಕ್ಕ ಹಿಂದೆ, ಫೋನ್ ಅವಳ ಬ್ಯಾಗಲ್ಲಿ. ಈಗ ನಮ್ಮನೇಲಿ ಇರೋ ರೂಲ್ಸ್ ಇವು, ಅಕ್ಕ ತಮ್ಮ ಜಗಳ ಆಡಿ ಮಾಡಿದ್ದು:

👶 ಇನ್ನೊಬ್ಬರು ದೊಡ್ಡವರು ಇದ್ರೆ ಅವರ ಜಾಗ ಪಾಪು ಪಕ್ಕ. ಆಗ ಕ್ಯಾಮೆರಾ ಬೇಕಾಗೇ ಇಲ್ಲ.

📷 ಓಡಿಸೋರೊಬ್ರೇ ಇದ್ರೆ, ಕಾರಿಗೆ ಅಂತಲೇ ಮಾಡಿದ, ಇಂಟರ್ನೆಟ್ ಬೇಡದ ಕ್ಯಾಮೆರಾ. ಬೆಲ್ಟ್ ಹಾಕಿ ಬಿಗಿದು, ಕೈಯಲ್ಲಿ ಜೋರಾಗಿ ಎಳೆದು ನೋಡಿಯೇ ಹೊರಡೋದು. ವೈರ್ ಪಾಪು ಕೈಗೆ, ಕತ್ತಿಗೆ ಸಿಗಬಾರದು. ಏರ್‌ಬ್ಯಾಗ್ ಬಿಚ್ಚೋ ಜಾಗದಲ್ಲಿ ಏನೂ ಅಂಟಿಸಬಾರದು.

👀 ಸ್ಕ್ರೀನ್ ಅನ್ನ ಕನ್ನಡಿ ಥರ ಒಂದು ಕ್ಷಣ ನೋಡ್ಬೇಕು, ಸಿನಿಮಾ ಥರ ಅಲ್ಲ. ಅನುಮಾನ ಬಂದ್ರೆ ಎರಡನೇ ಸಲ ನೋಡೋದಲ್ಲ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಳಿದು ನೋಡೋದು.

🌞 "ಕ್ಯಾಮೆರಾ ಆನ್ ಇದೆ, ಐದೇ ನಿಮಿಷ" ಅಂತ ಪಾಪೂನ ನಿಂತ ಕಾರಲ್ಲಿ ಬಿಟ್ಟು ಹೋಗೋದು ಯಾವತ್ತೂ ಇಲ್ಲ. ಬಿಸಿಲಲ್ಲಿ ಕಾರಿನ ಒಳಗೆ ಬೇಗ ಕಾವೇರುತ್ತೆ, ಕ್ಯಾಮೆರಾಗೆ ಅದು ಕಾಣಲ್ಲ.

🔒 ವೈಫೈ ಕ್ಯಾಮೆರಾ ಮನೇಲಿ ಬಳಸ್ತಿದ್ರೂ, ಡಬ್ಬದಲ್ಲಿ ಬಂದ ಪಾಸ್‌ವರ್ಡ್ ಮೊದಲು ಬದಲಾಯಿಸಿ.

ಕೊನೇದು: ಕ್ಯಾಮೆರಾ ನೋಡುತ್ತೆ ಅಷ್ಟೇ, ಕಾಪಾಡೋದು ಚೈಲ್ಡ್ ಸೀಟು. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೇ ಇದ್ರೆ 1000 ರೂಪಾಯಿ ದಂಡ ಅಂತ 2019ರ ತಿದ್ದುಪಡಿಯಿಂದ ಕಾನೂನಲ್ಲೇ ಇದೆ. ತೊಡೆ ಮೇಲೆ ಕೂರಿಸ್ಕೊಂಡು ಹೋಗೋರು ಇದನ್ನ ಎರಡು ಸಲ ಓದಿ.

ಮಾರನೇ ದಿನ ಪಾಪು ನನ್ನ ತೊಡೆ ಮೇಲೆ ಕೂತ. ಚಿನ್ನದ ತಂತಿ ಕಿವಿಗೆ ಹೋದಾಗ ಅವನು ಅತ್ತ, ನಾನೂ ಅತ್ತೆ. "ಅಯ್ಯೋ, ಸೋದರಮಾವನಿಗೆ ಎಷ್ಟು ಮೃದು ಮನಸ್ಸು" ಅಂತ ಅಜ್ಜಿ ನಕ್ಕರು. ಅಕ್ಕ ಮಾತ್ರ ನಗಲಿಲ್ಲ. ನನ್ನ ಭುಜದ ಮೇಲೆ ಕೈ ಇಟ್ಲು.

ನಿಮ್ಮನೇಲೂ ಪುಟ್ಟ ಪಾಪು ಇದ್ರೆ ಸೇವ್ ಮಾಡ್ಕೊಳ್ಳಿ, ಅಕ್ಕ-ಭಾವನಿಗೆ ಕಳಿಸಿ. ಕಾರಲ್ಲಿ ಪಾಪು ಪಕ್ಕ ಯಾರು ಕೂರ್ತಾರೆ? ಕಾಮೆಂಟಲ್ಲಿ ಹೇಳಿ. 🤍

#ಸೋದರಮಾವ #ಪಾಪುಜೊತೆಪ್ರಯಾಣ #ಬೆಂಗಳೂರುಹಾಸನ #ನಿಧಾನವಾಗಿಹೋಗೋಣ