ಕಾಗದ ಬರುವವರೆಗೆ

ಕಾಯುವುದೆಂಬುದು ನಮಗಾರಿಗೂ ಹೊಸದಲ್ಲ. ಮಳೆಗೆ ಕಾಯುತ್ತೇವೆ, ಮಕ್ಕಳ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತೇವೆ, ಹೆಣ್ಣು ನೋಡಿ ಹೋದವರ ಮಾತಿಗೆ ಕಾಯುತ್ತೇವೆ. ಇವಕ್ಕೆಲ್ಲ ನಮ್ಮ ಹಿರಿಯರು ಒಂದೊಂದು ಕ್ರಮವನ್ನು ಕಲಿಸಿಟ್ಟಿದ್ದಾರೆ. ಯಾವಾಗ ವಿಚಾರಿಸಬೇಕು, ಯಾವಾಗ ಸುಮ್ಮನಿರಬೇಕು, ಯಾವ ದೇವರಿಗೆ ಯಾವ ಹರಕೆ ಹೊರಬೇಕು ಎಂಬುದನ್ನು ಹೇಳಲು ಬೀದಿಗೆ ನಾಲ್ಕು ಮಂದಿಯಾದರೂ ಇರುತ್ತಾರೆ. ಆದರೆ ಮನೆಯ ಹೆಣ್ಣುಮಗಳೊಬ್ಬಳು ಸೈನ್ಯದ ಅಧಿಕಾರಿಯಾಗಲು ಆಯ್ಕೆಯಾಗಿ, ದೇಹದ ಪರೀಕ್ಷೆಯೂ ನಡತೆಯ ವಿಚಾರಣೆಯೂ ಮುಗಿದು, ಶಿಕ್ಷಣಕ್ಕೆ ಬಾ ಎಂಬ ಕಾಗದ ಕೈಸೇರುವವರೆಗೆ ಹೇಗೆ ಕಾಯಬೇಕೆಂಬುದನ್ನು ಬಲ್ಲವರು ಜಯನಗರದ ನಮ್ಮ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಕೆಲವು ತಿಂಗಳಿಂದ ನನ್ನ ತಂಗಿಯ ಮನೆಯಲ್ಲಿ ಆ ವಿದ್ಯೆಯನ್ನು ನಾವು ಮೊದಲಕ್ಷರದಿಂದ ಕಲಿಯುತ್ತಿದ್ದೇವೆ.

ಬಲ್ಲವರಿಲ್ಲದಿರುವುದಕ್ಕೆ ಕಾರಣವುಂಟು. ಬೆಂಗಳೂರು ಬಹುಕಾಲ ಎರಡು ಊರಾಗಿದ್ದಿತು. ಕೆಂಪೇಗೌಡರ ಪೇಟೆ ಒಂದು. 1809ರಲ್ಲಿ ಆಂಗ್ಲರು ತಮ್ಮ ಪಡೆಗಳಿಗಾಗಿ ಸ್ಥಾಪಿಸಿದ ದಂಡು ಇನ್ನೊಂದು. ಎರಡರ ನಗರಸಭೆಗಳೂ ಒಂದುಗೂಡಿದ್ದು 1949ರಲ್ಲಿ. ಜಯನಗರಕ್ಕೆ ಅಸ್ತಿಭಾರ ಬಿದ್ದದ್ದು ಅದರ ಹಿಂದಿನ ವರ್ಷ, ರಾಜಗೋಪಾಲಾಚಾರ್ಯರು ಗವರ್ನರ್ ಜನರಲ್ ಆಗಿದ್ದಾಗ. 1949ರ ಜನವರಿ 15ರಂದು ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು ನಮ್ಮ ಸೈನ್ಯದ ಮೊದಲನೆಯ ಭಾರತೀಯ ಮಹಾದಂಡನಾಯಕರಾದರು. ಎಂದರೆ ನಮ್ಮ ಬಡಾವಣೆಗೂ ನಮ್ಮವರೇ ನಡೆಸುವ ಸೈನ್ಯಕ್ಕೂ ಹೆಚ್ಚು ಕಡಮೆ ಒಂದೇ ವಯಸ್ಸು. ಆದರೂ ಒಂದಕ್ಕೊಂದರ ಪರಿಚಯ ಬೆಳೆಯಲಿಲ್ಲ. ರೆಸಿಡೆನ್ಸಿ ರಸ್ತೆಗೆ ಕಾರ್ಯಪ್ಪನವರ ಹೆಸರೂ ರಿಚ್ಮಂಡ್ ರಸ್ತೆಗೆ ತಿಮ್ಮಯ್ಯನವರ ಹೆಸರೂ ಬಂದವು. ನಾವು ಆ ರಸ್ತೆಗಳಲ್ಲಿ ಓಡಾಡಿದೆವೇ ಹೊರತು, ಆ ಮಹನೀಯರು ನಡೆದ ದಾರಿಯಲ್ಲಿ ನಮ್ಮ ಮಕ್ಕಳು ನಡೆದಾರೆಂದು ಎಣಿಸಲಿಲ್ಲ. ನಮ್ಮ ಮಕ್ಕಳು ಇಂಜಿನಿಯರುಗಳಾದರು, ಬ್ಯಾಂಕು ಸೇರಿದರು, ಕಡಲಾಚೆಗೆ ಹೋದರು. ಕೊಡಗಿನ ಮನೆಯೊಂದರಲ್ಲಿ ಇಂಥ ಕಾಗದಕ್ಕೆ ಕಾಯುವ ಹುಡುಗನ ಬೆನ್ನು ತಟ್ಟಿ, ನನಗೂ ಹೀಗೆಯೇ ತಡವಾಗಿತ್ತು ಎನ್ನುವ ಚಿಕ್ಕಪ್ಪನೋ ತಾತನೋ ಸಿಗುವುದುಂಟು. ನಮ್ಮಲ್ಲಿ ಸಿಗುವವರು, ಇಷ್ಟು ಓದಿದ ಹುಡುಗಿಗೆ ಇದೇಕೆ ಎನ್ನುವವರು.

ಸ್ತ್ರೀಯರಿಗೆ ಸೈನ್ಯದ ಅಧಿಕಾರಿ ಪದವಿಯ ದಾರಿ, ವೈದ್ಯ ಮತ್ತು ಶುಶ್ರೂಷಾ ವಿಭಾಗಗಳನ್ನು ಬಿಟ್ಟರೆ, ತೆರೆದದ್ದು 1992ರಲ್ಲಿ. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯು ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 2022ರಲ್ಲಿ. ಅವರಲ್ಲಿ ಮೊದಲನೆಯ 17 ಮಂದಿ 2025ರ ಮೇ ತಿಂಗಳಲ್ಲಿ ಶಿಕ್ಷಣ ಮುಗಿಸಿ ಹೊರಬಂದರು. ಆ ಬಾಗಿಲು ತೆರೆಯುವ ವೇಳೆಗೆ ನನ್ನ ಸೊಸೆ, ಎಂದರೆ ತಂಗಿಯ ಮಗಳು, ಕಾಲೇಜು ಸೇರಿಯಾಗಿತ್ತು. ಪದವಿಯ ತರುವಾಯ ಲೋಕಸೇವಾ ಆಯೋಗದ ಪರೀಕ್ಷೆಗೆ ಕುಳಿತು, ಚೆನ್ನೈಯ ಅಧಿಕಾರಿಗಳ ತರಬೇತಿ ಅಕಾಡೆಮಿಯ ದಾರಿಯನ್ನು ಹಿಡಿದಳು. ಬರೆಹದ ಪರೀಕ್ಷೆಗೆ 200 ಅಂಕ, ಆಯ್ಕೆ ಮಂಡಲಿಯ ಐದು ದಿನದ ಪರೀಕ್ಷೆಗೆ 200 ಅಂಕ. ಇವೆರಡನ್ನೂ ದಾಟಿದಳೆಂಬ ಸುದ್ದಿ ಬಂದಾಗ ಗಾಂಧಿ ಬಜಾರಿನಿಂದ ಹೂವು ತಂದು ಹಬ್ಬ ಮಾಡಿದೆವು. ನಿಜವಾದ ಕಾಯುವಿಕೆ ಆರಂಭವಾದದ್ದು ಆಮೇಲೆ.

ಸೈನ್ಯದ ಆಸ್ಪತ್ರೆಯಲ್ಲಿ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಪಾದ ಚಪ್ಪಟೆಯೇ, ಮಂಡಿಗಳು ಒಂದಕ್ಕೊಂದು ತಾಗುವುವೇ, ಕಿವಿ ಶುದ್ಧವೇ, ಎದೆಯ ಚಿತ್ರದಲ್ಲಿ ಕಲೆಯುಂಟೇ ಎಂದು ಒಬ್ಬೊಬ್ಬ ವೈದ್ಯನೂ ತನ್ನ ಅಂಗವನ್ನು ಪರೀಕ್ಷಿಸಿ ಬರೆಯುತ್ತಾನೆ. ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಯನ್ನು ಓದಿಸುವ ಪುಸ್ತಕವೊಂದುಂಟು. ಜಪಾನಿನ ಸೈನ್ಯದಲ್ಲಿ ವೈದ್ಯನಾಗಿದ್ದ ಇಶಿಹಾರಾ ಎಂಬಾತನು ಅದನ್ನು 1917ರಲ್ಲಿ ಪ್ರಕಟಿಸಿದನು. ಅದನ್ನು ನಮ್ಮ ಹುಡುಗಿ ತಡವರಿಸದೆ ಓದಿದಳು. ಎಡವಿದ್ದು ಮೂಗಿನಲ್ಲಿ. ಮೂಗಿನ ಎರಡು ಹೊಳ್ಳೆಗಳ ನಡುವಣ ಗೋಡೆ ಓರೆಯಾಗಿದೆಯೆಂದು ಬರೆದು, ಸದ್ಯಕ್ಕೆ ಅನರ್ಹಳೆಂದು ಹೇಳಿದರು. ಮೇಲ್ಮನವಿಯ ಮಂಡಲಿಯ ಮುಂದೆ ನಿಲ್ಲುವುದಕ್ಕೆ ಇರುವ ಅವಧಿ 42 ದಿನ. ಅದರೊಳಗೆ ಶಸ್ತ್ರಚಿಕಿತ್ಸೆ ಆಗಬೇಕು, ಗಾಯ ಮಾಯಬೇಕು.

"ಇದೇ ಮೂಗಿನಲ್ಲಿ ಇಷ್ಟು ವರ್ಷ ಉಸಿರಾಡಿದ್ದಾಳಲ್ಲ ಅಣ್ಣ, ಯಾರೂ ಓರೆಯೆಂದಿರಲಿಲ್ಲ" ಎಂದು ತಂಗಿ ನೊಂದುಕೊಂಡಳು. ನನಗೂ ಮೊದಲು ಹಾಗೆಯೇ ತೋರಿತು. ಆದರೆ ವಿಚಾರ ಮಾಡಿದರೆ ಸೈನ್ಯದ ಪ್ರಶ್ನೆ ಬೇರೆ. ಜಯನಗರದ ಮರದ ನೆರಳಲ್ಲಿ ಈ ಉಸಿರು ಸಾಲುವುದೇ ಎಂದು ಅದು ಕೇಳುವುದಿಲ್ಲ. ಹದಿನೈದು ಸಾವಿರ ಅಡಿಯ ಎತ್ತರದಲ್ಲಿ, ಬೆನ್ನ ಮೇಲೆ ಹೊರೆ ಹೊತ್ತು ಏರುವಾಗ ಸಾಲುವುದೇ ಎಂದು ಕೇಳುತ್ತದೆ. ಅಲ್ಲಿ ಒಬ್ಬರ ಉಸಿರು ಕಟ್ಟಿದರೆ ಅವರನ್ನು ನಂಬಿ ಬಂದವರಿಗೆ ಅಪಾಯ. ಇದು ಬುದ್ಧಿಗೆ ಒಪ್ಪಿತವಾಯಿತು. ಒಪ್ಪಲಾರದ್ದು ನಮ್ಮ ಅಭ್ಯಾಸ. ನಮ್ಮ ಮನೆಗಳಲ್ಲಿ ಅಂಕವೇ ದೇವರು. ಕಡಮೆ ಬಿದ್ದರೆ ಇನ್ನಷ್ಟು ಓದು ಎಂಬುದೊಂದೇ ಮಂತ್ರ. "ಮಾವ, ಓದಿ ಸರಿಮಾಡುವ ಹಾಗಿದ್ದಿದ್ದರೆ ರಾತ್ರಿಯೆಲ್ಲ ಓದಿಬಿಡುತ್ತಿದ್ದೆ" ಎಂದು ಆ ಹುಡುಗಿ ನಕ್ಕಾಗ, ನನಗೆ ಉತ್ತರ ತೋಚಲಿಲ್ಲ. ತನ್ನ ಯತ್ನದಿಂದ ಬದಲಾಗದ ಸಂಗತಿಯೊಂದು ತನ್ನ ಬಾಳನ್ನು ನಿರ್ಣಯಿಸಬಹುದೆಂಬುದನ್ನು ಅವಳು ನನಗಿಂತ ಬೇಗನೆ ಕಲಿತಿದ್ದಳು. ಶಸ್ತ್ರಚಿಕಿತ್ಸೆಯಾಯಿತು, ಕೆಲವು ವಾರ ಓಟ ನಿಂತಿತು, ಅವಧಿಯೊಳಗೆ ಎರಡನೆಯ ಮಂಡಲಿಯು ಅವಳನ್ನು ಅರ್ಹಳೆಂದು ಬರೆದುಕೊಟ್ಟಿತು.

ದೇಹದ ತರುವಾಯ ನಡತೆ. ಅದಕ್ಕಾಗಿ ಭರ್ತಿಮಾಡುವ ಪತ್ರದಲ್ಲಿ, ಕಳೆದ ಐದು ವರ್ಷಗಳಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಎಲ್ಲೆಲ್ಲಿ ವಾಸವಾಗಿದ್ದೆ, ಎಂದಾದರೂ ಬಂಧನಕ್ಕೆ ಒಳಗಾಗಿದ್ದೆಯಾ, ನಿನ್ನನ್ನು ಬಲ್ಲ ಜವಾಬ್ದಾರರಿಬ್ಬರು ಯಾರು ಎಂದೆಲ್ಲ ಕೇಳಿರುತ್ತದೆ. ಕೊನೆಯ ಪ್ರಶ್ನೆ ಸುಲಭವೆಂದು ತೋರಬಹುದು. ಈಗಿನ ಜಯನಗರದಲ್ಲಿ ಅದು ಸುಲಭವಲ್ಲ. ಹಳೆಯ ಒಂಟಿ ಮನೆಗಳು ಒಂದೊಂದಾಗಿ ಉರುಳಿ ನಾಲ್ಕಂತಸ್ತಿನ ಕಟ್ಟಡಗಳೆದ್ದಿವೆ. ಗೋಡೆಗೆ ಗೋಡೆ ತಾಗಿಕೊಂಡಿದ್ದರೂ ಪಕ್ಕದವರ ಹೆಸರು ಪಕ್ಕದವರಿಗೆ ತಿಳಿಯದು. ಪೊಲೀಸಿನವನು ವಿಚಾರಣೆಗೆಂದು ಬಂದಾಗ, ಹೊಸ ಕಟ್ಟಡದವರು ತಮಗೆ ಗೊತ್ತಿಲ್ಲವೆಂದು ಬಾಗಿಲು ಮುಚ್ಚಿಕೊಂಡರು. ಸಾಕ್ಷಿ ಹೇಳಿದವರು ಬೀದಿಯ ಮೂಲೆಯ ಇಸ್ತ್ರಿಯವನೂ ಎದುರು ಮನೆಯ ಅಜ್ಜಿಯೂ. ಅಜ್ಜಿಯದು ಸಾಕ್ಷಿಗಿಂತ ದೂರು ಎನ್ನಬೇಕು. ಬೆಳಗಿನ ಜಾವ ಐದು ಗಂಟೆಗೆ ಗೇಟು ಕಿರುಗುಟ್ಟಿಸಿಕೊಂಡು ಶಾಲಿನಿ ಮೈದಾನಕ್ಕೆ ಓಡಲು ಹೋಗುತ್ತಾಳೆ, ಎರಡು ವರ್ಷದಿಂದ ನನಗೆ ಸರಿಯಾದ ನಿದ್ರೆಯಿಲ್ಲ, ನಡುವೆ ಕೆಲವು ವಾರ ಸದ್ದಿಲ್ಲದಾಗ ಹುಡುಗಿಗೆ ಏನಾಯಿತೋ ಎಂದು ಆಗಲೂ ನಿದ್ರೆಯಿಲ್ಲ ಎಂದು ಆಕೆ ಹೇಳಿದರಂತೆ. ಪೊಲೀಸಿನವನು ನಗುತ್ತ ಬರೆದುಕೊಂಡು ಹೋದನು. ಇದಕ್ಕಿಂತ ಒಳ್ಳೆಯ ನಡತೆಯ ಪತ್ರವನ್ನು ಯಾವ ಗಣ್ಯರು ತಾನೇ ಕೊಟ್ಟಾರು?

ಇಷ್ಟೆಲ್ಲ ಆದರೂ ನಾನು ಹೇಳಬೇಕೆಂದಿರುವ ಮುಖ್ಯ ಮಾತು ತಂಗಿಯದು. ಅವಳ ಯಜಮಾನರು ತೀರಿಕೊಂಡು ಆರು ವರ್ಷವಾಯಿತು. ಇರುವವಳು ಇವಳೊಬ್ಬಳೇ ಮಗಳು. ಶುಕ್ರವಾರದ ರಾಹುಕಾಲದಲ್ಲಿ ಬನಶಂಕರಿಯಮ್ಮನ ಗುಡಿಯಲ್ಲಿ ನಿಂಬೆಹಣ್ಣಿನ ಹೋಳಿನಲ್ಲಿ ದೀಪ ಹಚ್ಚುವ ಪದ್ಧತಿಯುಂಟಷ್ಟೆ. ತಂಗಿಯೂ ಹೋಗುತ್ತಾಳೆ. ಒಂದು ದಿನ ಗುಡಿಯಿಂದ ಬಂದವಳು ಜಗಲಿಯ ಮೇಲೆ ಕುಳಿತು, "ಅಣ್ಣ, ಕಾಗದ ಬರಲಿ ಎಂದು ಬೇಡಿಕೊಳ್ಳಲು ಬಾಯಿ ಬರುವುದಿಲ್ಲ; ಬಾರದಿರಲಿ ಎಂದು ಬೇಡಿಕೊಂಡರೆ ಮಗಳಿಗೆ ದ್ರೋಹ. ಏನೂ ಕೇಳದೆ ದೀಪ ಹಚ್ಚಿ ಬಂದೆ" ಎಂದಳು. ಈ ಮಾತನ್ನು ಮಗಳೂ ಒಳಗಿನಿಂದ ಕೇಳಿದಳು. ಹೊರಗೆ ಬಂದು ತಾಯಿಯ ಪಕ್ಕದಲ್ಲಿ ಕುಳಿತಳು. ಇಬ್ಬರೂ ಏನೂ ಆಡಲಿಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಒಬ್ಬರಿಗೊಬ್ಬರು ಧೈರ್ಯದ ಮುಖ ತೋರಿಸುತ್ತಿದ್ದೆವು. ಅಂದಿನಿಂದ ಆ ಶ್ರಮ ತಪ್ಪಿತು. ತಾಯಿಗೆ ಭಯವಿದೆಯೆಂದು ಮಗಳಿಗೆ ಗೊತ್ತು. ಭಯವಿದ್ದೂ ತಡೆಯುವುದಿಲ್ಲವೆಂದು ಗೊತ್ತು. ಅಧಿಕಾರಿಯಾಗುವವರಿಗೆ ಅಕಾಡೆಮಿಯು 49 ವಾರ ಕಲಿಸುವುದು ಬಹಳವಿರಬಹುದು. ಮನೆಯವರು ಕಲಿಯಬೇಕಾದ ಪಾಠ ಮಾತ್ರ ಈ ಕಾಯುವ ದಿನಗಳಲ್ಲಿಯೇ ಆಗಬೇಕು. ಆಮೇಲೆ ಅದಕ್ಕೆ ಬಿಡುವಿರುವುದಿಲ್ಲ.

ಈಗ ಅರ್ಹತೆಯ ಪಟ್ಟಿ ಹೊರಬಿದ್ದಿದೆ. ಅದರಲ್ಲಿ ಅವಳ ಹೆಸರುಂಟು. ಆದರೆ ಆ ಪಟ್ಟಿಯನ್ನು ಸಿದ್ಧಪಡಿಸುವಾಗ ದೇಹಪರೀಕ್ಷೆಯ ಫಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಸರಿನ ಕ್ರಮಾಂಕ, ದೇಹದ ಅರ್ಹತೆ, ಖಾಲಿಯಿರುವ ಸ್ಥಾನಗಳ ಸಂಖ್ಯೆ ಈ ಮೂರೂ ಕೂಡಿಬಂದವರಿಗೆ ಮಾತ್ರ ಕಾಗದ. ಈ ಪರೀಕ್ಷೆಯ ಮೂಲಕ ಸ್ತ್ರೀಯರಿಗೆ ಇತ್ತೀಚಿನ ವರ್ಷಗಳಲ್ಲಿ ಒಂದೊಂದು ಸಲಕ್ಕೆ ಇಟ್ಟ ಸ್ಥಾನಗಳು ಇಪ್ಪತ್ತನ್ನೂ ಮುಟ್ಟಿಲ್ಲ. ಅವಳ ಮುಂದಿರುವವರಲ್ಲಿ ಯಾರಾದರೂ ಹಿಂದೆಗೆದರೆ ಇವಳಿಗೆ ಎಡೆ. ಆ ಮನೆಯಲ್ಲಿಯೂ ಒಬ್ಬ ತಾಯಿ ದೀಪ ಹಚ್ಚುತ್ತಿರಬಹುದು. ಆದ್ದರಿಂದ ಅದನ್ನು ಬಯಸುವುದೂ ನಮಗೆ ಸಾಧ್ಯವಾಗಿಲ್ಲ. ಕಂಪೆನಿಯೊಂದು ಕರೆದಿರುವ ಕೆಲಸಕ್ಕೆ ತಿಂಗಳ ಕೊನೆಯೊಳಗೆ ಒಪ್ಪಿಗೆ ಹೇಳಬೇಕು. ಹೇಳುವೆಯಾ ಎಂದು ಕೇಳಿದೆ. "ಕೊನೆಯ ದಿನದವರೆಗೂ ಕಾಯುತ್ತೇನೆ ಮಾವ, ಆಮೇಲೆ ಹೇಳುತ್ತೇನೆ. ಕಾಗದ ಬಾರದಿದ್ದರೆ ಮತ್ತೆ ಪರೀಕ್ಷೆಗೆ ಕೂಡುತ್ತೇನೆ; ವಯಸ್ಸು ಇನ್ನೂ ಮೀರಿಲ್ಲ" ಎಂದಳು.

ಕಾಗದ ಬರುವುದೋ ಬಾರದೋ ಬರೆಯುವ ಈ ಹೊತ್ತಿಗೆ ತಿಳಿಯದು. ಬಂದರೆ ಚೆನ್ನೈಗೆ ಪೆಟ್ಟಿಗೆ ಕಟ್ಟಬೇಕು; ಬಾರದಿದ್ದರೆ ಅವಳ ಯೋಗ್ಯತೆಗೆ ಕುಂದಿಲ್ಲವೆಂದು ನೆಂಟರಿಷ್ಟರಿಗೆ ಸಾರಿ ಸಾರಿ ಹೇಳಬೇಕು. ಎರಡಕ್ಕೂ ಸಿದ್ಧರಾಗಿದ್ದೇವೆ. ಮೊನ್ನೆ ಮೂರನೆಯ ಅಡ್ಡರಸ್ತೆಯ ಗೃಹಸ್ಥರೊಬ್ಬರು ಸಂಕೋಚದಿಂದ ಬಂದು, ತಮ್ಮ ಮಗನೂ ಈ ಪರೀಕ್ಷೆಗೆ ಅರ್ಜಿ ಹಾಕಿದ್ದಾನೆ, ಮುಂದಿನ ಕ್ರಮವೇನೆಂದು ವಿಚಾರಿಸಿದರು. ತಂಗಿ ಅವರನ್ನು ಕೂಡಿಸಿ, ಕಾಫಿ ಕೊಟ್ಟು, ಒಂದು ಗಂಟೆ ಹೊತ್ತು ಎಲ್ಲವನ್ನೂ ವಿವರಿಸಿದಳು. ನಮ್ಮ ಬೀದಿಯಲ್ಲಿ ಈಗ ಬಲ್ಲವರೊಬ್ಬರಿದ್ದಾರೆ.